ಮರೆವು ಮುಪ್ಪಿನದೋ, ರೋಗದ್ದೋ? ಬೆನ್ನಿನ ನೀರಿನ ಪರೀಕ್ಷೆ ಏನು ಹೇಳುತ್ತದೆ?

ಅಸರ್ ನಮಾಝ್ ಮುಗಿಸಿ ಮಸೀದಿಯಿಂದ ಬಂದ ಅಬ್ಬ ಚಹಾ ಕುಡಿದು ಜಗಲಿಯಲ್ಲಿ ಕುಳಿತಿರುತ್ತಾರೆ. ಹತ್ತು ನಿಮಿಷ ಕಳೆದಿರುವುದಿಲ್ಲ, ಮತ್ತೆ ವುಝೂ ಮಾಡಲು ಏಳುತ್ತಾರೆ. "ಅಬ್ಬ, ಅಸರ್ ಆಯಿತಲ್ಲ?" ಎಂದರೆ "ಯಾವಾಗ?" ಎನ್ನುತ್ತಾರೆ. ನಲವತ್ತು ವರ್ಷ ನಡೆದಾಡಿದ ದಾರಿಯಲ್ಲಿ ಒಂದು ದಿನ ಬೇರೆ ಓಣಿಗೆ ತಿರುಗಿ ಯಾರದೋ ಮನೆಯ ಬಾಗಿಲು ತಟ್ಟುತ್ತಾರೆ. ಇನ್ನೊಂದು ಮನೆಯಲ್ಲಿ ಉಮ್ಮ ತಮ್ಮ ಬಳೆಯನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮರೆತು, "ಸೊಸೆ ತೆಗೆದಿದ್ದಾಳೆ" ಎಂದು ಬಂದವರೊಡನೆಲ್ಲ ಹೇಳುತ್ತಾರೆ. ಬಳೆ ಸಿಕ್ಕಿದ ಮೇಲೂ ಮಾತು ನಿಲ್ಲುವುದಿಲ್ಲ. ಸೊಸೆ ತವರಿಗೆ ಹೋಗಿ ಕುಳಿತರೆ ಮಗ ಯಾರ ಪಕ್ಷ ವಹಿಸಬೇಕು?

ರಕಅತ್‌ಗಳ ಲೆಕ್ಕ ತಪ್ಪುವುದು ಯಾರಿಗೂ ಆಗುತ್ತದೆ. ಸಹ್ವಿನ ಸುಜೂದ್ ಇರುವುದೇ ಅದಕ್ಕಾಗಿ. ಆದರೆ ಮೂರು ರಕಅತ್ ಆಯಿತೋ ನಾಲ್ಕೋ ಎಂಬ ಸಂಶಯ ಬೇರೆ, ನಮಾಝ್ ಮಾಡಿದ್ದೇ ನೆನಪಿಲ್ಲದಿರುವುದು ಬೇರೆ. ಈ ಎರಡನೆಯದು ಕಾಣಿಸಿಕೊಂಡಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಉತ್ತರಗಳು ಸಿದ್ಧವಿರುತ್ತವೆ. ಒಂದು, ವಯಸ್ಸಾಯಿತು. ಎರಡು, ಹಠ ಜಾಸ್ತಿಯಾಗಿದೆ. ಮೂರು, ಯಾರೋ ಏನೋ ಮಾಡಿಸಿದ್ದಾರೆ. ಮೂರನೆಯ ಉತ್ತರವನ್ನು ನಂಬಿದವರು ತಿಂಗಳುಗಟ್ಟಲೆ ಊರೂರು ಸುತ್ತಿ, ಹಣವನ್ನೂ ಸಮಯವನ್ನೂ ಕಳೆದುಕೊಂಡ ಬಳಿಕ ವೈದ್ಯರ ಬಳಿಗೆ ಬರುತ್ತಾರೆ. ದುಆ ಮಾಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿಯವರು(ಸ) ಕಲಿಸಿದ್ದನ್ನು ದುಆದ ಹೆಸರಿನಲ್ಲಿ ಮುಂದೂಡಬಾರದು.

ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆಗುಳಿ ರೋಗ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ, ಓದಿದವರಿಗಿಂತ ಓದದವರಲ್ಲಿ ಇದು ಹೆಚ್ಚು. ಮರೆಗುಳಿ ರೋಗ ಅಥವಾ ಡಿಮೆನ್ಶಿಯಾ ಎಂಬುದು ಜ್ವರದಂತೆ ಒಂದು ಲಕ್ಷಣದ ಹೆಸರು. ಅದರ ಹಿಂದೆ ಹಲವು ಕಾಯಿಲೆಗಳಿರಬಹುದು. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಲ್ಝೈಮರ್. ಇದು ಅಲ್ಝೈಮರ್ ಹೌದೋ ಅಲ್ಲವೋ ಎಂದು ತಿಳಿಯಲು ಕೆಲವೊಮ್ಮೆ ವೈದ್ಯರು "ಬೆನ್ನಿನ ನೀರು ತೆಗೆದು ಪರೀಕ್ಷಿಸೋಣ" ಎನ್ನುತ್ತಾರೆ. ಆ ಮಾತು ಕೇಳಿದೊಡನೆ ಮನೆಯವರ ಕೈಕಾಲು ತಣ್ಣಗಾಗುತ್ತದೆ.

ಸೂಜಿಯ ಭಯ

"ಬೆನ್ನಿಗೆ ಸೂಜಿ ಚುಚ್ಚಿದರೆ ಲಕ್ವ ಹೊಡೆಯುತ್ತದಂತೆ." ಈ ಮಾತನ್ನು ಕೇಳದವರು ಕಡಿಮೆ. ಇದಕ್ಕೆ ಉತ್ತರ ನಮ್ಮ ಮನೆಯ ಹೆಣ್ಣುಮಕ್ಕಳಲ್ಲೇ ಇದೆ. ಸಿಸೇರಿಯನ್ ಹೆರಿಗೆಯಾದ ಹೆಚ್ಚಿನ ತಾಯಂದಿರಿಗೆ ಅರಿವಳಿಕೆ ಕೊಡಲು ಸೂಜಿ ಹಾಕಿದ್ದು ಇದೇ ಜಾಗಕ್ಕೆ. ಅಲ್ಲಿ ಔಷಧವನ್ನು ಒಳಗೆ ಬಿಡುತ್ತಾರೆ, ಇಲ್ಲಿ ಸ್ವಲ್ಪ ನೀರನ್ನು ಹೊರಗೆ ತೆಗೆಯುತ್ತಾರೆ.

ನಮ್ಮ ಮಿದುಳು ಮತ್ತು ಬೆನ್ನುಹುರಿ ಒಂದು ತಿಳಿಯಾದ ದ್ರವದಲ್ಲಿ ತೇಲುತ್ತಿರುತ್ತವೆ. ವಯಸ್ಕರಲ್ಲಿ ಇದು ಸುಮಾರು 150 ಮಿಲಿಲೀಟರ್ ಇರುತ್ತದೆ. ಮಿದುಳಿನ ಒಳಗೆ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ, ಹಳೆಯದು ರಕ್ತಕ್ಕೆ ಸೇರುತ್ತದೆ. ಪರೀಕ್ಷೆಗೆ ಬೇಕಾಗುವುದು ಹತ್ತು ಹನ್ನೆರಡು ಮಿಲಿಲೀಟರ್, ಅಂದರೆ ಎರಡು ಚಹಾ ಚಮಚದಷ್ಟು. ಒಂದು ಗಂಟೆಯೊಳಗೆ ದೇಹ ಅದನ್ನು ತುಂಬಿಕೊಡುತ್ತದೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ, ಮೊದಲ ಅಥವಾ ಎರಡನೆಯ ಸೊಂಟದ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕು ಅಥವಾ ನಾಲ್ಕು-ಐದನೆಯ ಮೂಳೆಗಳ ಸಂದಿಯಲ್ಲಿ. ಅಲ್ಲಿ ಹುರಿ ಇರುವುದಿಲ್ಲ, ನೀರಿನಲ್ಲಿ ತೇಲುವ ನರದ ಎಳೆಗಳಿರುತ್ತವೆ, ಸೂಜಿ ಬಂದರೆ ಅವು ಸಾಮಾನ್ಯವಾಗಿ ಬದಿಗೆ ಸರಿಯುತ್ತವೆ. ಈ ವಿಧಾನ ಹೊಸತೂ ಅಲ್ಲ. ಜರ್ಮನಿಯ ವೈದ್ಯ ಹೈನ್ರಿಖ್ ಕ್ವಿಂಕೆ ಇದನ್ನು 1891ರಲ್ಲೇ ವಿವರಿಸಿದ್ದರು. ಮಿದುಳು ಜ್ವರ ಬಂದ ಮಕ್ಕಳಿಗೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಇದೇ ಪರೀಕ್ಷೆ ಮಾಡುತ್ತಾರೆ.

ತೊಂದರೆ ಏನೂ ಇಲ್ಲವೆಂದಲ್ಲ. ಕೆಲವರಿಗೆ ಮರುದಿನ ಎದ್ದು ಕುಳಿತಾಗ ತಲೆನೋವು ಬರುತ್ತದೆ, ಮಲಗಿದರೆ ಕಡಿಮೆಯಾಗುತ್ತದೆ, ಕೆಲವು ದಿನಗಳಲ್ಲಿ ಹೋಗುತ್ತದೆ. ಯುವಕರಿಗೆ ಹೋಲಿಸಿದರೆ ವಯಸ್ಸಾದವರಲ್ಲಿ ಇದು ಕಡಿಮೆ. ತುದಿ ಹರಿತವಿಲ್ಲದ ವಿಶೇಷ ಸೂಜಿ ಬಳಸಿದರೆ ಇನ್ನೂ ಕಡಿಮೆ. ಸೊಂಟದಲ್ಲಿ ಒಂದೆರಡು ದಿನ ನೋವಿರಬಹುದು. ರಕ್ತ ತೆಳುವಾಗುವ ಮಾತ್ರೆ ಸೇವಿಸುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು, ಮಿದುಳಿನೊಳಗೆ ಗೆಡ್ಡೆ ಅಥವಾ ಒತ್ತಡ ಇರುವವರು ಮುಂಚಿತವಾಗಿಯೇ ಹೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಅಬ್ಬ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು ಅವರನ್ನೇ ಕೇಳಬೇಡಿ, ಮಾತ್ರೆಗಳ ಚೀಲವನ್ನೇ ಆಸ್ಪತ್ರೆಗೆ ಒಯ್ಯಿರಿ. ಸೂಜಿ ಹಾಕುವ ಮೊದಲು ಬೆನ್ನನ್ನು ಔಷಧದಿಂದ ಶುಚಿಗೊಳಿಸಿ, ವೈದ್ಯರು ಕೈಗವಸು, ಮುಖಗವಸು ಧರಿಸಿರಬೇಕು. ಚುಚ್ಚಿದ ಜಾಗಕ್ಕೆ ಮನೆಯಲ್ಲಿ ಎಣ್ಣೆ, ಅರಸಿನ ಹಚ್ಚುವ ಅಗತ್ಯವಿಲ್ಲ.

ನೀರಿನಲ್ಲಿ ಏನನ್ನು ಹುಡುಕುತ್ತಾರೆ?

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೋರೋಗ ಆಸ್ಪತ್ರೆಗೆ ಅಗಸ್ಟೆ ಡೆಟರ್ ಎಂಬ 51 ವರ್ಷದ ಮಹಿಳೆಯನ್ನು ಕರೆತಂದರು. ಗಂಡನ ಮೇಲೆ ವಿನಾಕಾರಣ ಸಂಶಯ, ವಿಪರೀತ ಮರೆವು, ತನ್ನ ಹೆಸರು ಬರೆಯಲೂ ಕಷ್ಟ. ಅಲ್ಲಿ ಅವರನ್ನು ನೋಡಿದ ವೈದ್ಯ ಅಲೋಯಿಸ್ ಅಲ್ಝೈಮರ್. 1906ರಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಅವರಿಗೆ ಎರಡು ವಿಚಿತ್ರಗಳು ಕಂಡವು. ಜೀವಕೋಶಗಳ ಹೊರಗೆ ಕಸದ ಗುಪ್ಪೆಯಂತಹ ಕಲೆಗಳು, ಒಳಗೆ ಸಿಕ್ಕುಗಟ್ಟಿದ ನೂಲಿನಂತಹ ಎಳೆಗಳು. ಹೊರಗಿನ ಗುಪ್ಪೆ ಅಮೈಲಾಯ್ಡ್ ಎಂಬ ಪ್ರೋಟೀನಿನದು, ಒಳಗಿನ ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು ಗೊತ್ತಾಗಲು ಮತ್ತೆ ಸುಮಾರು ಎಂಬತ್ತು ವರ್ಷ ಬೇಕಾಯಿತು.

ತೊಂದರೆ ಏನೆಂದರೆ, ಈ ಎರಡನ್ನೂ ಕಣ್ಣಾರೆ ನೋಡಲು ಮಿದುಳನ್ನೇ ಹೊರತೆಗೆಯಬೇಕು. ಹೀಗಾಗಿ ಬಹುಕಾಲ ಅಲ್ಝೈಮರ್ ಖಚಿತವಾಗುತ್ತಿದ್ದುದು ಮರಣಾನಂತರದ ಪರೀಕ್ಷೆಯಲ್ಲಿ ಮಾತ್ರ. ಮಯ್ಯಿತ್‌ನ ದಫನ ಬೇಗನೆ ಆಗಬೇಕೆಂದು ಬಯಸುವ ನಮ್ಮಂಥವರ ಮನೆಗಳಲ್ಲಿ ಅದು ನಡೆಯುವ ಮಾತೇ ಅಲ್ಲ. ನಡೆದರೂ ರೋಗಿಗೆ ಅದರಿಂದ ಏನು ಲಾಭ? ಲಕ್ಷಣ ನೋಡಿ ಹೇಳುವುದರಲ್ಲಿ ತಪ್ಪಿಗೆ ಅವಕಾಶವೂ ಇತ್ತು. ಕಳೆದ ದಶಕದ ಆರಂಭದಲ್ಲಿ ನಡೆದ ಕೆಲವು ದೊಡ್ಡ ಔಷಧ ಪ್ರಯೋಗಗಳಲ್ಲಿ ಅಲ್ಝೈಮರ್ ರೋಗಿಗಳೆಂದೇ ಸೇರಿಸಿಕೊಂಡವರನ್ನು ಸ್ಕ್ಯಾನ್ ಮಾಡಿದಾಗ, ಒಂದು ಗುಂಪಿನಲ್ಲಿ ಮೂವರಲ್ಲಿ ಒಬ್ಬರ ಮಿದುಳಿನಲ್ಲಿ ಅಮೈಲಾಯ್ಡ್ ಇರಲೇ ಇಲ್ಲ. ಅವರಿಗೆ ಬೇರೇನೋ ಕಾಯಿಲೆ ಇತ್ತು.

ಮಿದುಳನ್ನು ತೊಳೆದು ಬರುವ ನೀರಿನಲ್ಲಿ ಈ ಪ್ರೋಟೀನುಗಳ ಸುಳಿವು ಸಿಗುತ್ತದೆಯೇ ಎಂದು ವಿಜ್ಞಾನಿಗಳು 1990ರ ದಶಕದಲ್ಲಿ ಹುಡುಕಿದರು. ಸಿಕ್ಕಿತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಕಾಯ್ ಬ್ಲೆನ್ನೋ ಮತ್ತು ಸಂಗಡಿಗರು ಇದರಲ್ಲಿ ದೀರ್ಘಕಾಲ ಕೆಲಸ ಮಾಡಿದ್ದಾರೆ. ಅಲ್ಝೈಮರ್ ಇದ್ದವರ ಬೆನ್ನಿನ ನೀರಿನಲ್ಲಿ ಅಮೈಲಾಯ್ಡ್-42 ಎಂಬ ಅಂಶ ಆರೋಗ್ಯವಂತರಿಗಿಂತ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಟೌ ಎರಡು ಮೂರು ಪಟ್ಟು ಏರಿರುತ್ತದೆ.

ಮಿದುಳಿನಲ್ಲಿ ಅಮೈಲಾಯ್ಡ್ ಹೆಚ್ಚಾದರೆ ನೀರಿನಲ್ಲಿ ಕಡಿಮೆಯಾಗುವುದೇಕೆ ಎಂದು ಕೇಳಬಹುದು. ಗಡಸು ನೀರಿನ ಊರಿನವರಿಗೆ ಇದು ಸುಲಭವಾಗಿ ಅರ್ಥವಾದೀತು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತಾ ಹೋದಂತೆ, ಬಗ್ಗಿಸಿದ ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿರುತ್ತದೆ. ಅಮೈಲಾಯ್ಡ್-42 ಅಂಟಿಕೊಳ್ಳುವ ಗುಣದ್ದು. ಗುಪ್ಪೆಯಲ್ಲಿ ಸಿಕ್ಕಿಕೊಂಡಷ್ಟು ನೀರಿಗೆ ಬರುವುದು ಕಡಿಮೆ. ಟೌ ಹಾಗಲ್ಲ. ಅದು ನರಕೋಶದ ಒಳಗೆ ಸರಕು ಸಾಗಿಸುವ ಹಳಿಗಳನ್ನು ಹಿಡಿದಿಡುವ ಪ್ರೋಟೀನು. ಕಾಯಿಲೆ ಬಿದ್ದ ಮತ್ತು ಸತ್ತ ಕೋಶಗಳಿಂದ ಅದು ನೀರಿಗೆ ಸೇರುತ್ತದೆ. ಪಾರ್ಶ್ವವಾಯುವಿನಲ್ಲೂ ಕೋಶಗಳು ಸಾಯುವುದರಿಂದ ಒಟ್ಟು ಟೌ ಏರಿದ ಮಾತ್ರಕ್ಕೆ ಅಲ್ಝೈಮರ್ ಎನ್ನಲಾಗದು. ಅದಕ್ಕಾಗಿ ಫಾಸ್ಫೇಟ್ ಅಂಟಿದ ಟೌ, ವರದಿಯಲ್ಲಿ ಪಿ-ಟೌ ಎಂದು ಬರೆದಿರುತ್ತಾರೆ, ಅದನ್ನು ಬೇರೆಯಾಗಿ ಅಳೆಯುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಕೆಲವರ ದೇಹದಲ್ಲಿ ಸ್ವಭಾವತಃ ಅಮೈಲಾಯ್ಡ್ ಕಡಿಮೆ ಉತ್ಪತ್ತಿಯಾಗುತ್ತದೆ. ಅಂಥವರಲ್ಲಿ 42 ಕಡಿಮೆಯಿರುವುದನ್ನು ಕಂಡು ರೋಗವೆಂದರೆ ಅನ್ಯಾಯವಾಗುತ್ತದೆ. ಆದ್ದರಿಂದ ಅದರ ಜೊತೆಗೆ ಅಮೈಲಾಯ್ಡ್-40 ಎಂಬ, ಅಷ್ಟಾಗಿ ಅಂಟಿಕೊಳ್ಳದ ಅಂಶವನ್ನೂ ಅಳೆದು ಎರಡರ ಅನುಪಾತ ನೋಡುತ್ತಾರೆ. ಎರಡೂ ಕಡಿಮೆಯಿದ್ದರೆ ಅದು ಆ ವ್ಯಕ್ತಿಯ ಸ್ವಭಾವ. 42 ಮಾತ್ರ ಕಡಿಮೆಯಿದ್ದರೆ ಅದು ಎಲ್ಲೋ ಅಂಟಿಕೊಂಡಿದೆ ಎಂದರ್ಥ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಒಪ್ಪಿಗೆ ಕೊಟ್ಟ ಮೊದಲ ಬೆನ್ನಿನ ನೀರಿನ ಪರೀಕ್ಷೆ ಈ ಅನುಪಾತದ್ದೇ. ಇವೆಲ್ಲ ಒಟ್ಟಾಗಿ ನೋಡಿದರೆ ಉತ್ತರ ಸರಿಯಿರುವ ಸಾಧ್ಯತೆ ಸುಮಾರು ಶೇ. 85ರಿಂದ 90.

ಈ ಪರೀಕ್ಷೆಯ ಒಂದು ಗುಣ ನಮಗೆ ವಿಶೇಷವಾಗಿ ಮುಖ್ಯ. ಜ್ಞಾಪಕಶಕ್ತಿಯ ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯಲು, ವಾಕ್ಯ ಬರೆಯಲು, ಚಿತ್ರ ಬಿಡಿಸಲು ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ, ಮನೆಯಲ್ಲಿ ಬ್ಯಾರಿಯನ್ನೋ ಉರ್ದುವನ್ನೋ ಮಾತಾಡುವ ಅಜ್ಜಿ ಅಪರಿಚಿತ ವೈದ್ಯರ ಮುಂದೆ ಕನ್ನಡದಲ್ಲಿ ತಡವರಿಸಿದರೆ ಅದು ರೋಗವೋ ಸಂಕೋಚವೋ? ಬೆನ್ನಿನ ನೀರು ಓದು ಬರಹ ಕೇಳುವುದಿಲ್ಲ. ಹಾಗೆಂದು ಜ್ಞಾಪಕ ಪರೀಕ್ಷೆ ಬೇಡವೆಂದಲ್ಲ. ಮನೆಮಾತು ಯಾವುದು, ಎಷ್ಟು ಓದಿದ್ದಾರೆ, ಕಿವಿ ಕೇಳುತ್ತದೆಯೇ ಎಂಬುದನ್ನು ಮೊದಲೇ ತಿಳಿಸಿ. ಕಿವಿಯ ಯಂತ್ರ ಇದ್ದರೆ ಹಾಕಿಸಿಕೊಂಡು ಹೋಗಿ.

ಸೂಜಿಗಿಂತ ಮೊದಲು

ಮರೆವು ಕಂಡೊಡನೆ ಬೆನ್ನಿನ ನೀರು ತೆಗೆಸಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೊದಲು ಸಾಮಾನ್ಯ ರಕ್ತಪರೀಕ್ಷೆಗಳು ಆಗಬೇಕು. ಬಿ12 ಕೊರತೆಯಿಂದ ಮರೆವು ಬರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಬಿ12 ಇಳಿಯುವುದು ಸಾಮಾನ್ಯ. ನಮ್ಮ ಎಷ್ಟು ಮನೆಗಳಲ್ಲಿ ಈ ಮಾತ್ರೆ ಇಲ್ಲ ಹೇಳಿ! ಮಾಂಸ ತಿನ್ನುವವರಿಗೆ ಬಿ12 ಕೊರತೆ ಬಾರದು ಎಂಬ ನಂಬಿಕೆಯಿಂದ ಇದನ್ನು ಪರೀಕ್ಷಿಸದೆ ಬಿಡುವುದುಂಟು. ಥೈರಾಯ್ಡ್ ಕಡಿಮೆಯಾದರೆ, ರಕ್ತದಲ್ಲಿ ಸೋಡಿಯಂ ಇಳಿದರೆ, ಮೂತ್ರದ ಸೋಂಕಿನಿಂದಲೂ ವಯಸ್ಸಾದವರು ಗೊಂದಲಗೊಳ್ಳುತ್ತಾರೆ. ನಿದ್ದೆ ಮಾತ್ರೆ, ಶೀತ-ಅಲರ್ಜಿಯ ಕೆಲವು ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆಗಳು ನೆನಪನ್ನು ಮಸುಕಾಗಿಸುತ್ತವೆ. ಸಂಗಾತಿ ತೀರಿಕೊಂಡ ನಂತರದ ಖಿನ್ನತೆ ಎಷ್ಟೋ ಬಾರಿ ಮರೆವಿನ ವೇಷ ಹಾಕಿಕೊಂಡು ಬರುತ್ತದೆ. ಬಚ್ಚಲಲ್ಲಿ ಜಾರಿಬಿದ್ದು ವಾರಗಳಾದ ಮೇಲೆ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕಟ್ಟಿರುವುದು ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ, ಶಸ್ತ್ರಚಿಕಿತ್ಸೆಯಿಂದ ಸರಿಯಾಗುತ್ತದೆ.

ಇವುಗಳ ಸಾಲಿಗೇ ಸೇರುವ ಒಂದು ಕಾಯಿಲೆಗೆ ಮಾತ್ರ ಅದೇ ಸೂಜಿ ಬೇಕಾಗುತ್ತದೆ. ಮಿದುಳಿನ ಕೋಣೆಗಳಲ್ಲಿ ಈ ನೀರು ಹೆಚ್ಚಾಗಿ ನಿಂತು, ಮರೆವಿನ ಜೊತೆ ನಡಿಗೆ ಕೆಡುತ್ತದೆ, ಪಾದ ನೆಲಕ್ಕೆ ಅಂಟಿದಂತೆ ಎಳೆದು ನಡೆಯುತ್ತಾರೆ, ಮೂತ್ರದ ಮೇಲೆ ಹಿಡಿತ ತಪ್ಪುತ್ತದೆ. ಮೂರೂ ಒಟ್ಟಿಗಿದ್ದರೆ ವೈದ್ಯರು 30ರಿಂದ 50 ಮಿಲಿಲೀಟರ್ ನೀರು ತೆಗೆದು ನಡಿಗೆ ಸುಧಾರಿಸುತ್ತದೆಯೇ ಎಂದು ನೋಡುತ್ತಾರೆ. ಸುಧಾರಿಸಿದರೆ ಒಂದು ಸಣ್ಣ ನಳಿಕೆ ಅಳವಡಿಸಿ ಚಿಕಿತ್ಸೆ ಕೊಡಬಹುದು. ವುಝೂ ನಿಲ್ಲುತ್ತಿಲ್ಲವೆಂದು ನಾಚಿಕೊಂಡು ಮಸೀದಿಗೆ ಹೋಗುವುದನ್ನೇ ಬಿಟ್ಟ ಹಿರಿಯರು ಮನೆಯಲ್ಲಿದ್ದರೆ ಇದನ್ನು ನೆನಪಿಡಿ. ಅವರು ತಾವಾಗಿ ಹೇಳುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸ್ಪಷ್ಟವಾಗದಿದ್ದರೆ, ಅಥವಾ ಐವತ್ತು-ಅರವತ್ತರ ಪ್ರಾಯದಲ್ಲೇ ಮರೆವು ಬಂದಿದ್ದರೆ, ಅಥವಾ ಹೊಸ ಔಷಧ ಕೊಡುವ ಯೋಚನೆ ಇದ್ದರೆ ಆಗ ಬೆನ್ನಿನ ನೀರಿನ ಪರೀಕ್ಷೆಗೆ ಅರ್ಥವಿದೆ. ಎಂಬತ್ತೈದರ ಅಜ್ಜನಿಗೆ ಐದು ವರ್ಷಗಳಿಂದ ನಿಧಾನವಾಗಿ ಹೆಚ್ಚುತ್ತಿರುವ ಮರೆವಿಗೆ ಇದನ್ನು ಮಾಡಿಸಿ ಆಗಬೇಕಾದ್ದೇನೂ ಇಲ್ಲ.

ಆಸ್ಪತ್ರೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ

ಅಮೈಲಾಯ್ಡ್ ಅಂಟಿಕೊಳ್ಳುವ ಗುಣದ್ದು ಎಂದೆವಲ್ಲ, ಅದು ಗಾಜಿಗೂ ಸಾಮಾನ್ಯ ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಬೇರೆ ಪರೀಕ್ಷೆಗೆ ಬಳಸುವ ನಳಿಕೆಯಲ್ಲಿ ನೀರು ಹಿಡಿದರೆ ಅಮೈಲಾಯ್ಡ್ ಅದರ ಗೋಡೆಗೆ ಅಂಟಿ, ವರದಿಯಲ್ಲಿ ಕಡಿಮೆಯೆಂದು ಬರುತ್ತದೆ. ಇಲ್ಲದ ರೋಗ ಇದ್ದಂತೆ ಕಾಣುತ್ತದೆ. ಆದ್ದರಿಂದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ನಳಿಕೆಯಲ್ಲೇ ಹಿಡಿಯಬೇಕು, ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಬೇಕು ಅಥವಾ ತಣ್ಣಗೆ ಕಾಪಾಡಬೇಕು. "ಅಲ್ಝೈಮರ್ ಪ್ರೋಟೀನ್ ಪರೀಕ್ಷೆಗೆ ನೀವು ಈ ಮೊದಲು ನೀರು ತೆಗೆದಿದ್ದೀರಾ? ಯಾವ ನಳಿಕೆ, ಎಲ್ಲಿಗೆ ಕಳುಹಿಸುತ್ತೀರಿ?" ಎಂದು ಸೂಜಿ ಹಾಕುವ ಮೊದಲು ಕೇಳಿ. ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಿಸುವುದಿಲ್ಲ. ಅನುಭವವಿಲ್ಲದಿದ್ದರೆ ಅನುಭವವಿರುವ ಕಡೆಗೆ ಹೋಗುವುದೇ ಲೇಸು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮರೆವಿನ ಕಾಯಿಲೆಗಳ ತಜ್ಞರಿದ್ದಾರೆ. ನಿಮ್ಹಾನ್ಸ್ ಸಹಯೋಗದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಆರಂಭಿಸಿರುವ ಮಿದುಳು ಆರೋಗ್ಯ ಕ್ಲಿನಿಕ್‌ಗಳಲ್ಲಿ ಮೊದಲ ಹಂತದ ತಪಾಸಣೆ ಮಾಡಿಸಬಹುದು.

ರಮಝಾನಿನಲ್ಲಿ ದಿನಾಂಕ ಸಿಕ್ಕಿದರೆ ಏನು ಮಾಡುವುದು? ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ 1997ರಲ್ಲಿ ಉಪವಾಸ ಮುರಿಯದ ವೈದ್ಯಕೀಯ ಕ್ರಮಗಳನ್ನು ಪಟ್ಟಿಮಾಡಿದಾಗ ಮಿದುಳು ಅಥವಾ ಬೆನ್ನುಹುರಿಗೆ ಉಪಕರಣ ಹಾಕುವುದನ್ನೂ ಅದರಲ್ಲಿ ಸೇರಿಸಿತ್ತು. ನಿಮ್ಮ ಮದ್‌ಹಬ್‌ನ ವಿದ್ವಾಂಸರನ್ನು ಕೇಳಿ. ಆದರೆ ಇದು ತುರ್ತು ಪರೀಕ್ಷೆಯಲ್ಲ, ಆ ದಿನ ಚೆನ್ನಾಗಿ ನೀರು ಕುಡಿದು ವಿಶ್ರಾಂತಿ ಪಡೆಯುವುದು ಒಳ್ಳೆಯದು. ಈದ್ ಮುಗಿಯುವ ತನಕ ಕಾಯುವುದರಿಂದ ನಷ್ಟವಿಲ್ಲ.

ವರದಿ ಬಂದ ಮೇಲೆ

ವರದಿಯಲ್ಲಿ ಅಮೈಲಾಯ್ಡ್ ಬದಲಾವಣೆ ಇದೆಯೆಂದು ಬಂದರೆ ಅದನ್ನು ರೋಗಿಯ ಲಕ್ಷಣಗಳ ಜೊತೆ ಇಟ್ಟು ಓದಬೇಕು. 70ರ ಪ್ರಾಯದ, ಏನೂ ಮರೆವಿಲ್ಲದ ಆರೋಗ್ಯವಂತರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಬದಲಾವಣೆ ಇರುತ್ತದೆ. ಲಕ್ಷಣ ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಇದು ಆರಂಭವಾಗುತ್ತದೆ, ಹಲವರಿಗೆ ಜೀವನದಲ್ಲಿ ಎಂದೂ ಮರೆವು ಬಾರದೆ ಹೋಗಬಹುದು. ಆದ್ದರಿಂದ "ನಮಗೂ ಇದೆಯೇ ನೋಡೋಣ" ಎಂದು ಮಕ್ಕಳು ಸಾಲಾಗಿ ಪರೀಕ್ಷೆ ಮಾಡಿಸಿಕೊಳ್ಳಬಾರದು. ಅವರು ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿಟ್ಟು, ಸಿಗರೇಟು ಬಿಟ್ಟು, ಕಿವಿ ಮಂದವಾಗಿದ್ದರೆ ಯಂತ್ರ ಹಾಕಿಸಿಕೊಂಡರೆ ಹೆಚ್ಚು ಪ್ರಯೋಜನ.

ಔಷಧದ ವಿಷಯದಲ್ಲಿ ಅತಿ ಆಸೆ ಬೇಡ. ಡೊನೆಪೆಜಿಲ್, ಮೆಮಾಂಟಿನ್ ಮುಂತಾದ ಹಳೆಯ ಮಾತ್ರೆಗಳು ಕೆಲವರಿಗೆ ಕೆಲ ಕಾಲ ನೆರವಾಗುತ್ತವೆ. ಅಮೈಲಾಯ್ಡ್ ತೊಳೆಯುವ ಲೆಕಾನೆಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದೂವರೆ ವರ್ಷದ ಪ್ರಯೋಗದಲ್ಲಿ ಅದು ರೋಗದ ವೇಗವನ್ನು ಶೇ. 27ರಷ್ಟು ತಗ್ಗಿಸಿತು, ನಿಲ್ಲಿಸಲಿಲ್ಲ. ಕೆಲವರಲ್ಲಿ ಮಿದುಳಿನ ಊತ, ಸಣ್ಣ ರಕ್ತಸ್ರಾವ ಆಯಿತು. ಆರಂಭದ ಹಂತದವರಿಗೆ, ಅದೂ ಅಮೈಲಾಯ್ಡ್ ಇದೆಯೆಂದು ಸ್ಕ್ಯಾನ್ ಅಥವಾ ಬೆನ್ನಿನ ನೀರಿನಿಂದ ಖಚಿತವಾದವರಿಗೆ ಮಾತ್ರ ಅದನ್ನು ಕೊಡುವುದು. ಇನ್ನು 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮೊದಲ ರಕ್ತಪರೀಕ್ಷೆಗೂ ಒಪ್ಪಿಗೆ ಸಿಕ್ಕಿದೆ. 55 ದಾಟಿದ, ಮರೆವಿನ ಲಕ್ಷಣ ಇರುವವರಿಗೆ ಅದು. ಅದರಲ್ಲೂ ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಕಡಿಮೆ ಮಂದಿಗೆ ಉತ್ತರ ಸ್ಪಷ್ಟವಾಗಿ ಬರುವುದಿಲ್ಲ, ಅಂಥವರಿಗೆ ಮತ್ತೆ ಸ್ಕ್ಯಾನ್ ಅಥವಾ ಬೆನ್ನಿನ ನೀರೇ ಗತಿ.

ಹಾಗಾದರೆ ವಾಸಿಯಾಗದ ರೋಗದ ಹೆಸರು ತಿಳಿದು ಏನು ಮಾಡುವುದು? ಆರಂಭದ ಹಂತದಲ್ಲಿ ಅಬ್ಬನಿಗೆ ಬುದ್ಧಿ ಇನ್ನೂ ಸ್ಥಿಮಿತದಲ್ಲಿರುತ್ತದೆ. ಯಾರಿಗೆ ಸಾಲ ಕೊಡಬೇಕು, ಯಾರ ಅಮಾನತು ತಮ್ಮ ಬಳಿ ಇದೆ, ಝಕಾತ್ ಎಷ್ಟು ಬಾಕಿ, ವಸಿಯ್ಯತ್ ಏನು ಎಂಬುದನ್ನು ಅವರ ಬಾಯಿಂದಲೇ ಕೇಳಿ, ಸಾಕ್ಷಿಗಳ ಮುಂದೆ ಬರೆಸಿಡಲು ಇರುವುದು ಅಷ್ಟೇ ಸಮಯ. ಹಜ್ಜ್‌ಗೆ ಹೋಗುವ ನಿಯ್ಯತ್ ಇದ್ದರೆ ಈಗಲೇ, ಮಗನ ಕೈ ಹಿಡಿದು ಹೋಗಬೇಕು. ಎರಡು ವರ್ಷ ಬಿಟ್ಟು ಆ ಜನಸಾಗರದಲ್ಲಿ ಅವರನ್ನು ಹುಡುಕುವುದು ಬೇಡ. ಬ್ಯಾಂಕಿನ ಚೆಕ್ಕುಪುಸ್ತಕ, ಸ್ಕೂಟರಿನ ಕೀಲಿ, ಗ್ಯಾಸ್ ಒಲೆಯ ಬಗ್ಗೆ ತೀರ್ಮಾನ ಆಗಬೇಕು. ರೋಗ ಮುಂದುವರಿದು ಬುದ್ಧಿ ಪೂರ್ತಿ ಹೋದವರ ಮೇಲೆ ನಮಾಝ್-ಉಪವಾಸದ ಹೊಣೆಯಿಲ್ಲ ಎಂದು ಹದೀಸ್‌ನಿಂದ ತಿಳಿದಿದೆ. ಎಲ್ಲ ತಿಳಿದಿದ್ದವರು ಏನೂ ತಿಳಿಯದಂತಾಗುವ ವಯಸ್ಸಿನ ಪ್ರಸ್ತಾಪ ಸೂರಃ ಅನ್ನಹ್ಲ್ ಮತ್ತು ಸೂರಃ ಅಲ್ ಹಜ್ಜ್‌ನಲ್ಲಿದೆ. ನಾಲ್ಕು ಸಲ ಅಸರ್‌ಗೆ ನಿಂತರೆ ನಿಲ್ಲಲಿ, ಗದರಿಸಬೇಡಿ.

ಸೊಸೆ ತವರಿಗೆ ಹೋದ ಆ ಮನೆಗೂ ವರದಿಯಿಂದ ಒಂದು ಉಪಕಾರವಾಗುತ್ತದೆ. ಮಗ ಅದನ್ನು ಹಿಡಿದುಕೊಂಡು ಮಾವನ ಮನೆಗೆ ಹೋಗಿ, "ಇದು ಉಮ್ಮನ ಮಾತಲ್ಲ, ಉಮ್ಮನ ಕಾಯಿಲೆ" ಎಂದು ಹೇಳಬಹುದು. ಬರುವಾಗ ಅದೇ ಬಳೆಗಳಂತಹ ಇನ್ನೊಂದು ಜೋಡಿ ಬಳೆ, ಚಿನ್ನದ್ದಲ್ಲದಿದ್ದರೂ ಸರಿ, ತಂದಿಟ್ಟುಕೊಳ್ಳಲಿ. ಮುಂದಿನ ಸಲ ಉಮ್ಮ ಹುಡುಕತೊಡಗಿದಾಗ ಕೈಗೆ ಕೊಡಲು ಬೇಕಾಗುತ್ತದೆ.